ಗಾಜಿಗೆ ಅಂಟಿದ್ದ ಗುಳ್ಳೆಗಳು

ಮನೆಯಿಂದ, ಭಾನುವಾರ ಬೆಳಿಗ್ಗೆ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ತಮ್ಮ ನಿನಗೆ ಬರೆದದ್ದನ್ನು ಹಾಗೆಯೇ ನಂಬಬೇಡ. ಅದಕ್ಕೂ ಮೊದಲು, ನಿನ್ನ ಮಂಡಿನೋವು ಹೇಗಿದೆ? ನಾನು ಕ್ಷೇಮ. ಕಾಲೇಜಿನಲ್ಲಿ ನನ್ನ ಮಗಳು ಮಾಡಿ ತೋರಿಸಿದ ಪ್ರಯೋಗ ‘ಫೇಲಾಯಿತು’ ಎಂದು ಬರೆದಿದ್ದಾನಂತೆ. ಅದು ತಪ್ಪು ಪದಪ್ರಯೋಗ. ಕೆಲಹೊತ್ತು ನಿಂತಿತು, ಅಷ್ಟೆ. ‘ಅಕ್ಕನ ಕಣ್ಣಲ್ಲಿ ಆನಂದಬಾಷ್ಪ’ ಎಂದೂ ಬರೆದಿದ್ದಾನಂತೆ. ಅದು ಆನಂದವಲ್ಲ. ಅದಕ್ಕೆ ಸರಿಯಾದ ಪದ ನನಗೆ ಗೊತ್ತು, ಬರೆಯುವುದಿಲ್ಲ.

ನಡೆದದ್ದು ಹೀಗೆ. ಪುಟ್ಟ ಗಾಜಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿದ ಹರಳೊಂದು ಕಿವಿಗೆ ಕೇಳಿಸದ ಶಬ್ದವನ್ನು ಹೊರಡಿಸುತ್ತದೆ. ಅದರ ಅಲೆಗಳು ನೀರಿನೊಳಗೆ ಗೆರೆ ಎಳೆದಂತೆ ಸಾಲುಗಟ್ಟುತ್ತವೆ. ಹಳದಿ ದೀಪದ ಬೆಳಕು ಅವುಗಳನ್ನು ಹಾಯುವಾಗ ಬಾಗಿ, ದುರ್ಬೀನಿನಲ್ಲಿ ಕಾಣುವ ಬೆಳಕಿನ ನಡುಗೆರೆಯ ಅಕ್ಕಪಕ್ಕ ಹೊಸ ಗೆರೆಗಳು ಮೂಡಬೇಕು. ಅವುಗಳ ಅಂತರದಿಂದ ನೀರಿನಲ್ಲಿ ಶಬ್ದದ ವೇಗವನ್ನು ಲೆಕ್ಕ ಹಾಕಬಹುದು. (ನೀನು ಭೌತಶಾಸ್ತ್ರದ ಟೀಚರಾಗಿದ್ದವಳು, ಒಪ್ಪಿದೆ. ಆದರೆ ನನಗೂ ಇದನ್ನು ವಿವರಿಸಲು ಬರುತ್ತದೆ. ಯಾರೂ ಕೇಳುವುದಿಲ್ಲ.)

ಗೆರೆಗಳು ಮೂಡಲಿಲ್ಲ. ಅವಳು ದೀಪ ಸರಿಸಿದಳು, ತಿರುಪು ತಿರುಗಿಸಿದಳು, ಬೆವರಿದಳು. ಮೊದಲ ಸಾಲಿನಲ್ಲಿದ್ದ ನಾನು, “ಗಾಜಿಗೇನೋ ಅಂಟಿದೆ ನೋಡೇ” ಎಂದೆ. “ಅಮ್ಮಾ, ಸ್ವಲ್ಪ ಸುಮ್ನಿರು!” ಎಂದವಳು ಎಲ್ಲರೆದುರೇ ಸ್ಪೀಕರ್ ಹಾಕಿ ನಿನಗೆ ಫೋನ್ ಮಾಡಿದಳು. ನೀನು ಹೇಳಿದ್ದೇನು? “ಒಳಗಡೆ ಗುಳ್ಳೆ ಅಂಟಿದ್ಯೇನೇ? ನಲ್ಲಿ ನೀರು ಹಾಗೇ ಸುರಿದ್ಯಾ? ಕುದಿಸಿ ಆರಿಸಿದ್ದು ಹಾಕು ಮಾರಾಯ್ತಿ.” ಅಂಥ ನೀರು ತರಿಸಿ ಹಾಕಿದಳು, ಗೆರೆಗಳು ಮೂಡಿದವು. ಚಪ್ಪಾಳೆಯ ನಡುವೆ, “ಇದೆಲ್ಲಾ ಕಲಿಸಿದ್ದು ನಮ್ಮ ಚಿಕ್ಕಮ್ಮ” ಎಂದಳು. ಇರಲಿ. ಕೊನೆಯ ಗುಣಾಕಾರವನ್ನು ಮಾಡಿದ್ದು ಯಾರು ಕಲಿಸಿದ ಮಗ್ಗಿಯಿಂದ?

ಮೊದಲು ಹೇಳಿದವಳು ನಾನು ಎಂಬುದಕ್ಕೆ ಸಾಕ್ಷಿಗಳಿದ್ದಾರೆ: ಪ್ರಾಂಶುಪಾಲರು, ನೀರು ತಂದ ಅಟೆಂಡರು, ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದ ಗ್ರಂಥಪಾಲಕರು, ತಮ್ಮ, ಅವನ ಹೆಂಡತಿ. ಬೇಕಾದರೆ ಕೇಳು.

ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ

ಮರೆತಿದ್ದೆ: ಬರುವ ಶನಿವಾರ ನೀರಿನ ಬದಲು ಸೀಮೆಎಣ್ಣೆ ತುಂಬಿ ಮತ್ತೆ ತೋರಿಸುತ್ತಾಳಂತೆ. ಅದರಲ್ಲಿ ಏನೇನು ಕೆಡಬಹುದೋ ಎಲ್ಲವನ್ನೂ ನನಗೆ ಬೇಗ ಬರೆದು ಕಳಿಸು. ಆವತ್ತು ಅವಳ ಫೋನ್ ಬಂದರೆ ಎತ್ತಬೇಡ. ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ.