ಎಡಗೈಯ ಅಕ್ಷರ

ವಾಡಿ
ಡಿಸೆಂಬರ್ ೧೩, ಶನಿವಾರ

ಸರ್ವರ್ ಆಪಾ, ನಿಮ್ಮ ಭಾಗ್ಯಳ ಸಲಾಮು.

ಚಿಂಚೋಳಿಯ ಚಳಿಗೆ ನಿಮ್ಮ ಮೊಣಕಾಲು ಹೇಗಿದೆ? ಫೋನ್ ಮಾಡಬಹುದಿತ್ತು. ಆದರೆ ನೀವು ಅರ್ಧಕ್ಕೇ ಬೈಯಲು ಶುರು ಮಾಡುತ್ತೀರಿ, ನಾನು ಅದನ್ನೇ ನೆಪ ಮಾಡಿಕೊಂಡು ಉಳಿದರ್ಧ ನುಂಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ನೀವು ನಿವೃತ್ತರಾಗುವಾಗ ನನ್ನ ಕೈಗೊಪ್ಪಿಸಿದ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರು. ಈಗ ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು, ಕೋಣೆಯಲ್ಲಿ ಹದಿನೈದು. ಅಪ್ಪ-ಅವ್ವನ ಜೊತೆ ಪುಣೆಗೆ ದುಡಿಯಲು ಹೋದವರ ಹೆಸರು ನಾನು ತೆಗೆಯಲಿಲ್ಲ. ಸಂಖ್ಯೆ ಇಳಿದರೆ ಅನುದಾನ ಇಳಿಯುತ್ತದೆ, ಆಮೇಲೆ ಶಾಲೆಯನ್ನೇ ಪಕ್ಕದೂರಿಗೆ ಸೇರಿಸುತ್ತಾರೆ, ಸಣ್ಣ ಮಕ್ಕಳು ಸಿಮೆಂಟ್ ಲಾರಿಗಳ ರಸ್ತೆ ದಾಟಬೇಕು. ಹಾಗಂತ ನನಗೆ ನಾನೇ ಹೇಳಿಕೊಂಡೆ. ವರ್ಗಾವಣೆಯ ಭಯವೂ ಇತ್ತು, ಸುಳ್ಳೇಕೆ.

ಅನಸುಬಾಯಿಯ ಮಗಳು ಲುಂಬಿನಿ ನೆನಪಿದ್ದಾಳೆಯೇ? ನಿಮ್ಮ ಚಷ್ಮಾ ಬಚ್ಚಿಡುತ್ತಿದ್ದವಳು. ಈಗ ಏಳನೇ ತರಗತಿ. ದಸರೆ ರಜೆಯ ನಂತರ ಅವಳು ಬರಲೇ ಇಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ತಾಯಿಯ ಜೊತೆ ಮಷಿನ್‌ಗೆ ನೀರು ಬಿಡುತ್ತಿದ್ದಳು. ನನಗೆ ಗೊತ್ತಿತ್ತು. ಎರಡು ಸಲ ಮನೆಗೆ ಹೋಗಿ ಕರೆದೆ, ಮೂರನೆಯ ಸಲ ಹೋಗಲಿಲ್ಲ. ದಿನಾ ಹಾಜರಿ ಮಾತ್ರ ಹಾಕಿದೆ. ಫಲಿತಾಂಶ ಕಡಿಮೆಯಾದರೆ ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳುತ್ತಾರಲ್ಲ, ಅದಕ್ಕೆ ಅವಳ ಗಣಿತದ ಕಿರುಪರೀಕ್ಷೆಯನ್ನೂ ನಾನೇ ಬರೆದೆ. ಮಕ್ಕಳ ಅಕ್ಷರದಂತೆ ಕಾಣಲೆಂದು ಎಡಗೈಯಲ್ಲಿ ಬರೆದೆ. ಇಪ್ಪತ್ತಕ್ಕೆ ಹದಿನಾಲ್ಕು ಕೊಟ್ಟೆ.

ಅದೇ ದಿನ ಮಷಿನ್‌ನ ಬೆಲ್ಟು ಅವಳ ಬಲಗೈಯನ್ನು ಎಳೆದುಕೊಂಡಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆದರು.

ಹುಡುಗಿ ತನ್ನಲ್ಲಿ ದುಡಿದೇ ಇಲ್ಲ ಎಂದ ಮಾಲೀಕ. ಪೊಲೀಸರು ಶಾಲೆಗೆ ಬಂದರು. ಹಾಜರಿಯ ನಕಲು, ಉತ್ತರಪತ್ರಿಕೆ ಎರಡಕ್ಕೂ ಮುದ್ರೆ ಒತ್ತಿ ಕೊಟ್ಟೆ, ಆಪಾ. ಈಗ ಊರವರ ಬಾಯಲ್ಲಿ ಅನಸುಬಾಯಿ ಪರಿಹಾರಕ್ಕಾಗಿ ಸುಳ್ಳು ಹೇಳುವವಳು. ಮೊನ್ನೆ ಅವಳು ಶಾಲೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: "ಟೀಚರ್, ನನ್ ಮಗಳು ಆವತ್ತು ನಿಮ್ ಸಾಲ್ಯಾಗ ಕುಂತಿದ್ಳೇನ್ರಿ?" ನಾನು ಬೋರ್ಡ್ ಒರೆಸುತ್ತ ನಿಂತೆ. ಬೋರ್ಡಿನ ಮೇಲೆ ಏನೂ ಇರಲಿಲ್ಲ.

ಸೋಮವಾರ ಠಾಣೆಗೆ ಹೋಗಿ ನಿಜ ಬರೆದುಕೊಡುತ್ತೇನೆ. ನನ್ನ ನೌಕರಿ ಹೋಗಬಹುದು, ಶಾಲೆಯಂತೂ ಉಳಿಯುವುದಿಲ್ಲ. ನೀವು ಇಪ್ಪತ್ತು ವರ್ಷ ಮನೆಮನೆ ತಿರುಗಿ ಮಕ್ಕಳನ್ನು ಕರೆತಂದು ಕಟ್ಟಿದ ಶಾಲೆ ಅದು. ಮುಚ್ಚುವ ಸುದ್ದಿ ನಿಮಗೆ ಬೇರೆಯವರಿಂದ ತಿಳಿಯಬಾರದೆಂದು ಬರೆದಿದ್ದೇನೆ. ಬೈಯಿರಿ, ಆದರೆ ತಡೆಯಬೇಡಿ. ನೀವು ತಡೆದರೆ ನಾನು ನಿಂತುಬಿಡುತ್ತೇನೆ.

ನಿಮ್ಮ ಕೈಕೆಳಗೆ ಕಲಿತ,
ಭಾಗ್ಯಜ್ಯೋತಿ

ತಾ.ಕ.: ಕಾಗದ ಅಂಟಿಸುವ ಮೊದಲು ಲುಂಬಿನಿ ಬಂದಳು, ಒಬ್ಬಳೇ. ಠಾಣೆಯಲ್ಲಿ ಆ ಉತ್ತರಪತ್ರಿಕೆ ತೋರಿಸಿದ್ದರಂತೆ. "ಟೀಚರ್, ಅದು ಎಡಗೈಲೆ ಬರ್ದದ್ದು ಅದ ರೀ. ನನ್ನ ಅಕ್ಷರ ಈಗ ಹಂಗೇ ಬರ್ಲಿಕತ್ತಾವ. ಬರ್ದೋರು ಯಾರಂತ ಗೊತ್ತಿದ್ರ, ನನಗ ಕಲಸ್ರಿ ಅಂತ ಹೇಳ್ರಿ" ಎಂದಳು. ನಾನು ಸ್ಲೇಟು ತೆಗೆದು, ಬಳಪ ಎಡಗೈಗೆ ತೆಗೆದುಕೊಂಡು, ಅವಳ ಹೆಸರು ಬರೆದೆ. ಅವಳು ಆ ಅಕ್ಷರ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬಳಪ ಇಸಿದುಕೊಂಡು ಅದರ ಮೇಲೇ ತಿದ್ದತೊಡಗಿದಳು.