ಹದಿನಾಲ್ಕನೇ ನಂಬರಿನ ರಕ್ತ

೫ ಜನವರಿ ೨೦೦೪, ಬಾಗಲಕೋಟೆ
ಇಲ್ಲಿಯವರೆಗೆ ಹೋದದ್ದು: ಹನ್ನೊಂದು ವರ್ಷ, ಇನ್ನೂರ ಹನ್ನೆರಡು ಟ್ಯೂಬು ರಕ್ತ, ಕಣ್ಣಿನ ಅರ್ಧ ಶಕ್ತಿ. ಬಂದದ್ದು: ಒಂದು ಲೇಖನ. ಓದಿದವರು ಮೂವರು. ಅದರಲ್ಲೊಬ್ಬ ಪ್ರೂಫ್ ನೋಡಿದವನು.

ಇಂದೂ ಕರೆಂಟ್ ಇಲ್ಲ. ರಕ್ತ ಬೇರ್ಪಡಿಸುವ ಸೆಂಟ್ರಿಫ್ಯೂಜ್ ನಿಂತಿದೆ. ಇಳಕಲ್ಲಿನಲ್ಲಿ ಅಪ್ಪನ ಕೈಮಗ್ಗ ಯಾವ ಕರೆಂಟಿಗೂ ಕಾದದ್ದಿಲ್ಲ. ಮಗ ಓದಿ ಮುಂದೆ ಬಂದ... ಕಾಯುತ್ತಾ ಕೂತ.

ಇರುವ ಪ್ರಶ್ನೆ ಒಂದೇ. ರಕ್ತದ ಕ್ಯಾನ್ಸರಿನ ಈ ಹೊಸ ಮಾತ್ರೆ ದಿನಕ್ಕೆ ನಾಲ್ಕರ ಬದಲು ಎರಡೇ ಸಾಕೆ? ಸಾಕಾದರೆ ಅಷ್ಟೇ ಮಾತ್ರೆಯಲ್ಲಿ ಇಮ್ಮಡಿ ಜನ ಬದುಕುತ್ತಾರೆ. ಹತ್ತೊಂಬತ್ತು ರೋಗಿಗಳು. ಹದಿನೆಂಟು ಜನರ ರಕ್ತ ಹೌದೆಂದೂ ಅನ್ನದು, ಅಲ್ಲವೆಂದೂ ಅನ್ನದು.

೯ ಫೆಬ್ರುವರಿ
ನಂಬರ್ ೧೪ — ಅಮಸಿದ್ದಪ್ಪ, ಮರೋಳದ ಕುರಿಗಾರ. ಮೊದಲ ದಿನ ಬಿಳಿ ರಕ್ತಕಣ ಎರಡು ಲಕ್ಷ. ಈಗ ಸತತ ಮೂರು ತಿಂಗಳು ಎಂಟು ಸಾವಿರದ ಆಸುಪಾಸು. ಈ ರೋಗದ ಗುರುತಾದ ಕೆಟ್ಟ ಕ್ರೋಮೋಸೋಮ್ ಮುಂಬಯಿಯ ಲ್ಯಾಬಿಗೆ ಒಂದೂ ಸಿಗಲಿಲ್ಲ. ಎರಡೇ ಮಾತ್ರೆಗೆ!

ಹುನಗುಂದದಲ್ಲಿ ಸೋಮವಾರ ಟೆಕ್ನಿಶಿಯನ್ ಸುಮಾ ರಕ್ತ ತೆಗೆದು ತಿಂಗಳ ಮಾತ್ರೆ ಕೊಟ್ಟು ಕಳಿಸುತ್ತಾಳೆ. ನನಗೆ ಟ್ಯೂಬು ಬರುತ್ತದೆ. ಅಚ್ಚುಕಟ್ಟಾದ ಪದ್ಧತಿ. ನಾನೇ ಮಾಡಿದ್ದು.

೨ ಮಾರ್ಚ್
ಪುಣೆಯ ಸಮ್ಮೇಳನ ನನ್ನ ಪ್ರಬಂಧ ಒಪ್ಪಿತು. ಹದಿನೈದು ನಿಮಿಷ. ಹನ್ನೊಂದು ವರ್ಷ ನನ್ನ ಹೆಸರು ಮರೆಯುತ್ತಲೇ ಬಂದ ಪ್ರೊಫೆಸರ್ ಫೋನ್ ಮಾಡಿ ಮನೆಮಂದಿಯ ಕ್ಷೇಮ ಕೇಳಿದರು. ಮಾತ್ರೆ ಹಂಚುವ ಕಮಿಟಿಯೂ ಸಹಿ ಹಾಕಿತು — ಮುಂದಿನ ನಲವತ್ತು ರೋಗಿಗಳಿಗೂ ದಿನಕ್ಕೆ ಎರಡೇ.

೨೨ ಮಾರ್ಚ್, ಹುನಗುಂದ
ಸ್ಲೈಡಿಗೆ ನಂಬರ್ ೧೪ರ ಫೋಟೊ ಬೇಕಿತ್ತು. ಕ್ಯಾಮೆರಾ ಹಿಡಿದು ನಾನೇ ಹೋದೆ. ಬೆಂಚಿನ ಮೇಲೆ ತೋಳು ಮಡಚಿ ಕೂತವನು ಗಟ್ಟಿ ಆಳು. ಮೊದಲ ದಿನ ಕಂಡ ಮುಖವಲ್ಲ. ಅಮಸಿದ್ದಪ್ಪ ನೀನೇ ಏನಪ್ಪ ಎಂದು ಕೇಳಿದೆ.

“ಅಲ್ರಿ ಸಾಹೇಬ್ರ, ನಾ ಅವನ ತಮ್ಮ, ಸೋಮಲಿಂಗ. ಅಣ್ಣನ ಮೈಯಾಗ ರಕ್ತನ ಉಳಿದಿಲ್ಲ. ಇದ್ದಷ್ಟೂ ನೀವ ತಗೊಂಡ್ರ ಅವ ಹೆಂಗ ಬದುಕ್ಯಾನು? ಅದಕ್ಕ ನಂದು ಕೊಡಾಕ ಹತ್ತೇನಿ. ಒಂದ ಹೊಟ್ಟ್ಯಾಗ ಹುಟ್ಟೇವಿ. ರಕ್ತ ಬ್ಯಾರೆ ಹೆಂಗ ಆಗ್ತೈತ್ರಿ?”

ನವೆಂಬರಿನಿಂದ ಪ್ರತಿ ತಿಂಗಳು. ಆರೋಗ್ಯವಂತನ ರಕ್ತ ಆರೋಗ್ಯವಾಗಿದೆ ಎಂದು ಕಂಡುಹಿಡಿದಿದ್ದೇನೆ.

ಸುಮಾಳನ್ನು ಎಲ್ಲರೆದುರು ಬೈದೆ. ಅವಳು ತಲೆ ತಗ್ಗಿಸಲಿಲ್ಲ. “ಹೆಸರು ಕರೀಬ್ಯಾಡ, ಗುಟ್ಟು ಇರಬೇಕು, ನಂಬರ್ ಕರಿ ಅಂತ ನೀವ ಹೇಳಿದ್ರಿ ಸರ್. ಹದಿನಾಲ್ಕು ಅಂದೆ. ಇವ ಕೈ ಎತ್ತಿದ.”

೨೩ ಮಾರ್ಚ್, ಮರೋಳ
ಕಂಬಳಿಯ ಮೇಲೆ ಅಮಸಿದ್ದಪ್ಪ. ಮುಟ್ಟಿ ನೋಡಿದೆ — ಎಡ ಪಕ್ಕೆಯಡಿಯ ಗುಲ್ಮ ಊದಿ ಹೊಕ್ಕುಳ ದಾಟಿದೆ. ಇದಕ್ಕೆ ಮುಂಬಯಿಯ ಲ್ಯಾಬ್ ಬೇಕಿರಲಿಲ್ಲ. ಒಂದು ಅಂಗೈ ಸಾಕಿತ್ತು, ಅದೂ ನವೆಂಬರಿನಲ್ಲಿ.

ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಹೆಂಡತಿ ಮಾಯವ್ವ ಮಾತ್ರೆಯ ಖಾಲಿ ಹಾಳೆಗಳನ್ನೆಲ್ಲ ಜೋಡಿಸಿ ಇಟ್ಟಿದ್ದಳು. ಅವನದೇ ರಕ್ತ ತೆಗೆದೆ. ಇಂದಿನಿಂದ ದಿನಕ್ಕೆ ನಾಲ್ಕು ಎಂದು ತಿಂಗಳಿಗೆ ನೂರಿಪ್ಪತ್ತು ಎಣಿಸಿ ಕೊಟ್ಟೆ.

“ಮದ್ಲ ನಾಕ ಕೊಟ್ಟಿದ್ರ?” ಎಂದಳು.

ಗೊತ್ತಿಲ್ಲವ್ವ ಎಂದೆ. ಗೊತ್ತಿತ್ತು.

೨ ಏಪ್ರಿಲ್
ರಿಪೋರ್ಟು ಬಂತು. ಎಳೆಯ ಕ್ಯಾನ್ಸರ್ ಕಣ ನೂರಕ್ಕೆ ನಲವತ್ತು. ನಾಲ್ಕಲ್ಲ, ಎಂಟು ಕೊಟ್ಟರೂ ಇನ್ನು ಹಿಡಿಯಲಾಗದು.

ಪ್ರೊಫೆಸರ್ ಸಲಹೆ: ಹದಿನಾಲ್ಕನೆಯವನು ಊರು ಬಿಟ್ಟ ಎಂದು ಬರೆದು ಕೈಬಿಡಿ, ಕುರಿಗಾರರು ತಿರುಗುವವರೇ, ಯಾರು ಕೇಳುತ್ತಾರೆ, ಪುಣೆಗೆ ಹೋಗಿ. ಹೋದರೆ ನಲವತ್ತು ಜನರಿಗೆ ಎರಡೆರಡು. ಹೋಗದಿದ್ದರೆ ಅದೇ ಮಾತ್ರೆ ಇಪ್ಪತ್ತೇ ಜನರಿಗೆ, ನಾಲ್ಕು ನಾಲ್ಕು.

ಇಡೀ ಸಂಜೆ ಲೆಕ್ಕ ಹಾಕಿದೆ. ಎಷ್ಟು ಸಲ ಕೂಡಿಸಿದರೂ ಎರಡು ನಾಲ್ಕಾಗಲಿಲ್ಲ.

೪ ಏಪ್ರಿಲ್
ಪ್ರಬಂಧ ಹಿಂತೆಗೆದುಕೊಂಡೆ. ಕಾರಣ ಪೂರ್ತಿ ಬರೆದೆ, ನನ್ನ ಹೆಸರು ಸಹಿತ.

೧೯ ಏಪ್ರಿಲ್, ಹುನಗುಂದ
ಮಾಯವ್ವ ಬಂದಿದ್ದಳು, ಹಣೆ ಬರಿದು. ಉಳಿದ ಮಾತ್ರೆ ಮೇಜಿನ ಮೇಲಿಟ್ಟು, ಯಾರಿಗಾದರೂ ಕೊಡಿ ಎಂದಳು. ಐವತ್ತೆರಡು. ಅಮಸಿದ್ದಪ್ಪ ಹದಿನೇಳು ದಿನ ನುಂಗಿದ್ದಾನೆ.

ಯಾರಿಗೆ ಏನು ಸಿಕ್ಕಿತು, ಬರೆದಿಡುತ್ತೇನೆ. ಪುಣೆಯ ಹದಿನೈದು ನಿಮಿಷ ಬೇರೊಬ್ಬರಿಗೆ ಹೋಯಿತು. ಇಪ್ಪತ್ತು ರೋಗಿಗಳಿಗೆ ನಾಲ್ಕು ಮಾತ್ರೆ, ಇನ್ನಿಪ್ಪತ್ತಕ್ಕೆ ಕಾಯುವ ಪಟ್ಟಿ. ಸುಮಾಳಿಗೆ ನನಗೆ ಸಲ್ಲಬೇಕಿದ್ದ ಬೈಗುಳ. ಸೋಮಲಿಂಗನಿಗೆ, ಅಣ್ಣನನ್ನು ಕೊಂದವನು ತಾನೇ ಎಂಬ ನಂಬಿಕೆ; ಅಲ್ಲ ಎಂದು ಹೇಳಿ ಕಳಿಸಿದೆ, ಅವನು ಇತ್ತ ಬರುತ್ತಿಲ್ಲ. ಕಾಯುವ ಪಟ್ಟಿಯ ಮೊದಲ ಹೆಸರು ಜೋಹರಾ, ಈ ಐವತ್ತೆರಡರಲ್ಲಿ ಅವಳಿಗೆ ಹದಿಮೂರು ದಿನ. ನನಗೆ —