ಯಾರೂ ಕತ್ತರಿಸದ ಕೇಕು

ಅಮ್ಮಾ,

ಇದನ್ನು ನೀನು ಓದುವುದಿಲ್ಲ. ನನಗೆ ಕಲಿಸಿದ ಅಕ್ಷರಗಳನ್ನೇ ಮರೆತು ಕೂತಿದ್ದೀಯ. ಆದರೂ ಇವತ್ತಿನದನ್ನು ಬೇರೆ ಯಾರಿಗೆ ಹೇಳಲಿ?

ನಮ್ಮ ಅಡುಗೆಮನೆಯಲ್ಲಿ ನೀನು ಕದ್ದುಮುಚ್ಚಿ ಶುರುಮಾಡಿದ ಬಾಸ್ಕ್ ಭಾಷೆಯ ಶಾಲೆಗೆ ಇವತ್ತು ಅರವತ್ತು ತುಂಬಿತು. ಆಮೇಲೆ ಊರವರೇ ಭಾನುವಾರಗಳಂದು ಇಟ್ಟಿಗೆ ಹೊತ್ತು ಅದಕ್ಕೆಂದು ಕಟ್ಟಿದ ಕಟ್ಟಡದಲ್ಲಿ ಮೊದಲ ಕುರ್ಚಿಯನ್ನು ನಿನಗೆಂದೇ ಇಟ್ಟಿದ್ದರು. ಕರೆದೊಯ್ಯಲು ವೃದ್ಧಾಶ್ರಮಕ್ಕೆ ಬಂದವನು ನಿನ್ನ ಕೋಣೆಯ ಬಾಗಿಲು ತಟ್ಟಿದೆ. ತಟ್ಟಬಾರದಿತ್ತು.

ಶಾಲೆಗಳಲ್ಲಿ ನಮ್ಮ ಭಾಷೆಯನ್ನೇ ನಿಷೇಧಿಸಿದ್ದ ಸರ್ವಾಧಿಕಾರಿಯ ಕಾಲದಲ್ಲಿ, ಪಾಠದ ನಡುವೆ ಪೊಲೀಸರು ಬಾಗಿಲು ತಟ್ಟಿದರೆ, ಯಾರಿಗೂ ಮುಟ್ಟಲು ಬಿಡದ ಆ ಒಣಕಲು ಕೇಕನ್ನು ನೀನು ಮೇಜಿಗಿಡುತ್ತಿದ್ದೆ. ನಾವು ಮಕ್ಕಳು ಪುಸ್ತಕಗಳ ಮೇಲೆ ಕೂತು ಸ್ಪ್ಯಾನಿಷ್‌ನಲ್ಲಿ ಹುಟ್ಟುಹಬ್ಬದ ಹಾಡು ಹೇಳುತ್ತಿದ್ದೆವು.

"ಅಮ್ಮಾ, ನಾನು ಇಮಾನೋಲ್," ಎಂದೆ ಬಾಸ್ಕ್‌ನಲ್ಲಿ.

ನೀನು ನಡುಗುತ್ತ ಸ್ಪ್ಯಾನಿಷ್‌ನಲ್ಲಿ ಹೇಳಿದೆ: "ಆ ಭಾಷೆ ಇಲ್ಲಿ ಯಾರಿಗೂ ಬರಲ್ಲ ಸಾಹೇಬ್ರೇ. ಮಗು ಹುಟ್ಟುಹಬ್ಬ, ಅಷ್ಟೇ."

"ಯಾವ ಮಗುದು?"

"ನನ್ನ ಮಗಂದು. ಇಮಾನೋಲ್ ಅಂತ."

ಏನು ಹೇಳಿದರೂ ನಿನ್ನ ನಡುಕ ಹೆಚ್ಚುತ್ತಲೇ ಹೋಯಿತು. ಕೊನೆಗೆ ಸ್ಪ್ಯಾನಿಷ್‌ನಲ್ಲೇ ಶುಭಾಶಯ ಹೇಳಿ, ಹೊರಬಂದು ಬಾಗಿಲು ಎಳೆದುಕೊಂಡೆ.

ಒಳಗಿನಿಂದ ನಿನ್ನ ದನಿ ಕೇಳಿತು, ಅಚ್ಚ ಬಾಸ್ಕ್‌ನಲ್ಲಿ: "ಹೋದ ಕಣ್ರೋ. ಪುಸ್ತಕ ತೆಗೀರಿ."